ಗುಳಿಗೆ ತಕ್ಕ ತುಣುಕು: ಕಂಪ್ಯೂಟರ್ ಕೈ ರೂಟರ್‌ನಲ್ಲಿ ಇನ್‌ಲೇ ಬಗ್ಗೆ ಓದುಗರ ಪ್ರಶ್ನೆಗಳು

ಶೇಪರ್ ಒರಿಜಿನ್‌ನಂಥ ಕೈ ರೂಟರ್ ಬಳಸುವವರ ಪತ್ರಗಳಲ್ಲಿ ಈ ಸಲ ಇನ್‌ಲೇ, ಅಂದರೆ ಮರದಲ್ಲಿ ಗುಳಿ ತೋಡಿ ಅದೇ ಆಕಾರದ ಬೇರೆ ಮರದ ತುಣುಕು ಕೂರಿಸುವ ಕೆಲಸದ ಪ್ರಶ್ನೆಗಳೇ ಹೆಚ್ಚು. ಯಂತ್ರವನ್ನು ನೋಡದವರಿಗೆ ಎರಡು ಮಾತು: ಇದು ತಿರುಗುವ ಬಿಟ್‌ನಿಂದ (ಕತ್ತರಿಸುವ ಅಲಗಿನಿಂದ) ಮರ ಕೊರೆಯುವ ಯಂತ್ರ, ಕೈಯಲ್ಲೇ ತಳ್ಳಬೇಕು. ಮರದ ಮೇಲೆ ಅಂಟಿಸಿದ ಕಪ್ಪು-ಬಿಳಿ ಗುರುತಿನ ಟೇಪನ್ನು ಕ್ಯಾಮೆರಾ ಓದಿ, ತಾನೆಲ್ಲಿದ್ದೇನೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕೈ ಕೊಂಚ ಅತ್ತಿತ್ತ ಸರಿದರೂ ಬಿಟ್ ಚಿತ್ರದ ಗೆರೆ ಬಿಡುವುದಿಲ್ಲ. ತೀರಾ ದೂರ ಹೋದರೆ ಬಿಟ್ ತಾನಾಗಿ ಮೇಲೇಳುತ್ತದೆ.

ಪ್ರಶ್ನೆ: ತೇಗದ ಪೆಟ್ಟಿಗೆಯ ಮುಚ್ಚಳಕ್ಕೆ ಹಲಸಿನ ಮರದ ಮಾವಿನೆಲೆ ಕೂರಿಸುತ್ತಿದ್ದೇನೆ. ಗುಳಿ, ತುಣುಕು ಎರಡಕ್ಕೂ ಒಂದೇ ಎಸ್‌ವಿಜಿ (ಗೆರೆಚಿತ್ರದ) ಫೈಲ್. ಆದರೂ ಒಮ್ಮೆ ತುಣುಕು ಒಳಗೇ ಇಳಿಯುವುದಿಲ್ಲ, ಇನ್ನೊಮ್ಮೆ ಒಂದು ಬದಿಯಲ್ಲಿ ಸಂದು ಬೀಳುತ್ತದೆ. ಯಾಕೆ ಸರ್?
— ಓದುಗರು, ಮೈಸೂರು

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಒಂದೇ ಮದ್ದು ಹುಡುಕಬೇಡಿ.

ಒಳಗೆ ಇಳಿಯದಿರುವುದಕ್ಕೆ ಸಾಮಾನ್ಯ ಕಾರಣ ಬಿಟ್‌ನ ಅಳತೆ. ನೀವು ಯಂತ್ರದಲ್ಲಿ 3 ಮಿ.ಮೀ. ಎಂದು ತುಂಬಿಸಿದ್ದೀರಿ, ಸವೆದ ಬಿಟ್ ನಿಜಕ್ಕೂ 2.94 ಇದೆ ಎಂದುಕೊಳ್ಳಿ. ಗುಳಿಯ ಗೋಡೆ ಪ್ರತಿ ಬದಿಗೂ 0.03 ಒಳಗೇ ನಿಲ್ಲುತ್ತದೆ, ತುಣುಕಿನ ಅಂಚು ಪ್ರತಿ ಬದಿಗೂ 0.03 ಹೊರಗೆ ಉಳಿಯುತ್ತದೆ. ಅಡ್ಡಲಾಗಿ ನೋಡಿದರೆ ಒಟ್ಟು 0.12 ಮಿ.ಮೀ. ಬಿಗಿ. ಇಷ್ಟಕ್ಕೇ ತೇಗದ ಗುಳಿ ಹಲಸಿನ ತುಣುಕನ್ನು ಬಿಟ್ಟುಕೊಳ್ಳುವುದಿಲ್ಲ. ಕೊಲೆಟ್‌ನಲ್ಲಿ (ಬಿಟ್ ಹಿಡಿಯುವ ಬಿಗಿಕೊಳವೆ) ಧೂಳು ಸೇರಿ ಬಿಟ್ ಓಲಾಡುತ್ತಿದ್ದರೆ ಫಲ ಉಲ್ಟಾ: ಗುಳಿ ದೊಡ್ಡದು, ತುಣುಕು ಸಣ್ಣದು. ಆದ್ದರಿಂದ ಕೊಲೆಟ್ ಒರೆಸಿ, ಅದೇ ಮರದ ಚೂರಿನಲ್ಲಿ 20 ಮಿ.ಮೀ. ಚೌಕದ ಒಂದು ತುಣುಕು ಕತ್ತರಿಸಿ, ಡಿಜಿಟಲ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 20.06 ಬಂದರೆ ಯಂತ್ರದಲ್ಲಿ ಬಿಟ್ ವ್ಯಾಸವನ್ನು 2.94 ಎಂದು ತಿದ್ದಿ. ಗುಳಿ ಮತ್ತು ತುಣುಕು ಎರಡನ್ನೂ ಒಂದೇ ಬಿಟ್‌ನಲ್ಲಿ, ನಡುವೆ ಬಿಚ್ಚದೆ ಮುಗಿಸುವುದು ಮೇಲು.

ಕತ್ತರಿಸುವ ಕ್ರಮ ಹೀಗಿರಲಿ. ಮೊದಲು ಗುಳಿ, ಆಳ 2.5 ಮಿ.ಮೀ. 3 ಮಿ.ಮೀ. ಬಿಟ್‌ಗೆ ಒಂದು ಸುತ್ತಿನಲ್ಲಿ 1 ರಿಂದ 1.5 ಮಿ.ಮೀ. ಆಳ ಸಾಕು. ಗೋಡೆಯ ಹತ್ತಿರ 0.25 ಮಿ.ಮೀ. ಆಫ್‌ಸೆಟ್ (ಗೆರೆಯಿಂದ ಬಿಡುವ ಅಂತರ) ಇಟ್ಟು ಒರಟಾಗಿ ತೆಗೆಯಿರಿ, ಕೊನೆಗೆ ಆಫ್‌ಸೆಟ್ 0 ಮಾಡಿ ಪೂರ್ತಿ ಆಳದಲ್ಲಿ ಒಂದೇ ಸುತ್ತು ತೆಳ್ಳಗೆ ಕೆರೆಯಿರಿ. ತುಣುಕಿಗೂ ಇದೇ ಕ್ರಮ. ಬಿಗಿಯೆನಿಸಿದರೆ ತುಣುಕಿನ ಆಫ್‌ಸೆಟ್ ಅನ್ನು 0.05ರಷ್ಟೇ ಇಳಿಸಿ ಮತ್ತೊಂದು ಸುತ್ತು ಹೋಗಿ, ಅಗಲದಲ್ಲಿ 0.1 ಕಮ್ಮಿಯಾಗುತ್ತದೆ. ಗುಳಿಯನ್ನು ಮಾತ್ರ ಮತ್ತೆ ಮುಟ್ಟಬೇಡಿ. ತುಣುಕು ಕೆಟ್ಟರೆ ಇನ್ನೊಂದು ಕತ್ತರಿಸಬಹುದು, ಮುಚ್ಚಳ ಕೆಟ್ಟರೆ ಪೆಟ್ಟಿಗೆಯೇ ಹೋಯಿತು.

ಒಂದೇ ಬದಿಯ ಸಂದಿಗೆ ಕಾರಣ ಬಹುತೇಕ ಇದು: ಕೊನೆಯ ಸುತ್ತಿನಲ್ಲಿ ತುಣುಕು ಹಲಗೆಯಿಂದ ಬೇರ್ಪಟ್ಟು, ಅಡಿಯ ಡಬಲ್ ಸೈಡ್ ಟೇಪ್ ಮೇಲೆ ಕೂದಲೆಳೆಯಷ್ಟು ಜರುಗಿರುತ್ತದೆ. ಫೋಮ್ ಇರುವ ದಪ್ಪ ಟೇಪ್ ಇದಕ್ಕೆ ಆಗದು. ಹಲಗೆಗೂ ಅಡಿಯ ಪ್ಲೈವುಡ್‌ಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪ್‌ಗಳ ನಡುವೆ ಫೆವಿಕ್ವಿಕ್ ಹಾಕಿ ಒತ್ತಿ, ಅಲುಗುವುದಿಲ್ಲ. ಇನ್ನೂ ನೆಮ್ಮದಿಯ ದಾರಿ ಎಂದರೆ 4 ಮಿ.ಮೀ. ಹಲಗೆಯಲ್ಲಿ 3 ಮಿ.ಮೀ. ಆಳಕ್ಕಷ್ಟೇ ಕತ್ತರಿಸಿ, ತಳದ 1 ಮಿ.ಮೀ. ಪದರ ಹಾಗೇ ಬಿಡುವುದು. ಆಮೇಲೆ ಹಿಂಬದಿಯಿಂದ ಉಪ್ಪು ಕಾಗದದಲ್ಲಿ ಉಜ್ಜಿದರೆ ತುಣುಕು ಕಳಚಿ ಬರುತ್ತದೆ. 2.5ರ ಗುಳಿಯಲ್ಲಿ ಅದು ಅರ್ಧ ಮಿ.ಮೀ. ಎದ್ದು ನಿಲ್ಲುತ್ತದೆ; ಅಷ್ಟು ಬೇಕೇ ಬೇಕು, ಅಂಟು ಒಣಗಿದ ಮೇಲೆ ಸಮ ಮಾಡಲು.

ಪ್ರಶ್ನೆ: ಎಲೆಯ ಚೂಪು ತುದಿ ಗುಳಿಯಲ್ಲಿ ಮೊಂಡಾಗಿ ಬರುತ್ತದೆ. ತುಣುಕಿನಲ್ಲಿ ಚೂಪಾಗಿಯೇ ಇದೆ.
— ಓದುಗರು, ಧಾರವಾಡ

ಉತ್ತರ: ಬಿಟ್ ದುಂಡಗಿರುವವರೆಗೆ ಇದು ತಪ್ಪದು. 3 ಮಿ.ಮೀ. ಬಿಟ್ ಗುಳಿಯ ಮೂಲೆಯಲ್ಲಿ 1.5 ತ್ರಿಜ್ಯದ ದುಂಡು ಬಿಡುತ್ತದೆ. ತುಣುಕಿನ ಹೊರಮೂಲೆಯನ್ನು ಅದು ಸುತ್ತಿ ಬರುವುದರಿಂದ ಅಲ್ಲಿ ಚೂಪು ಉಳಿಯುತ್ತದೆ. ಹೃದಯದ ಆಕಾರದ ಮೇಲ್ಭಾಗದಂಥ ಒಳಸರಿದ ಮೂಲೆಯಲ್ಲಿ ಇದು ತಿರುಗುಮುರುಗು. ಹಾಗಾಗಿ ಚಿತ್ರ ಬರೆಯುವಾಗಲೇ ಎಲ್ಲ ಮೂಲೆಗಳನ್ನೂ 1.6 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡಿ, 1.5ಕ್ಕಿಂತ ಚೂರು ಹೆಚ್ಚಿದ್ದರೆ ಬಿಟ್ ಮೂಲೆಯಲ್ಲಿ ನಿಂತು ಮರ ಸುಡುವುದಿಲ್ಲ. ಚೂಪೇ ಬೇಕೆಂದರೆ ಆ ತುದಿಯನ್ನು 3 ಮಿ.ಮೀ. ಉಳಿಯಲ್ಲಿ ಕೈಯಿಂದ ಬಿಡಿಸಬೇಕು. ನಮ್ಮ ಮಟ್ಟಿಗೆ ಮಾವಿನೆಲೆಗೆ ಉಳಿಯೇ ಸರಿ. ಒಂದು ತುದಿಗೆ ಹತ್ತು ನಿಮಿಷ ಹಿಡಿಯಬಹುದು, ಆದರೆ ಮೊಂಡು ತುದಿಯ ಎಲೆ ಎಲೆಯಂತೆ ಕಾಣುವುದಿಲ್ಲ.

ಪ್ರಶ್ನೆ: ಗುಳಿಯ ಅಂಚು ಸಿಬಿರೇಳುತ್ತದೆ. ಕೆಲವೊಮ್ಮೆ ಎರಡನೇ ಸುತ್ತಿನ ಗೆರೆ ಮೊದಲಿನದರ ಮೇಲೆ ಕೂರುವುದೇ ಇಲ್ಲ.
— ಓದುಗರು, ಶಿರಸಿ

ಉತ್ತರ: ಸಿಬಿರಿಗೆ ಡೌನ್‌ಕಟ್ ಬಿಟ್ ಹಾಕಿ. ಅದು ನಾರನ್ನು ಕೆಳಗೆ ಒತ್ತಿ ಕತ್ತರಿಸುತ್ತದೆ. ಹೊಟ್ಟು ಗುಳಿಯಲ್ಲೇ ತುಂಬಿಕೊಳ್ಳುವುದರಿಂದ ವ್ಯಾಕ್ಯೂಮ್ ಓಡುತ್ತಿರಬೇಕು.

ಗೆರೆ ತಪ್ಪುವುದಕ್ಕೆ ಟೇಪ್ ನೋಡಿ. ಕ್ಯಾಮೆರಾ ಯಂತ್ರದ ಮುಂದಿನ ಜಾಗವನ್ನು ನೋಡುತ್ತದೆ, ಆದ್ದರಿಂದ ಟೇಪ್ ಚಿತ್ರಕ್ಕಿಂತ ಆಚೆಗೂ ಇರಬೇಕು. ಸುಮಾರು 8 ಸೆಂ.ಮೀ. ಅಂತರದಲ್ಲಿ ಸಾಲುಗಳು ಸಾಕು. ಟೇಪ್ ಅಂಟಿಸಿದ ಹಲಗೆಯೂ ಕೆಲಸದ ಮರವೂ ಒಂದೇ ಎತ್ತರದಲ್ಲಿರಲಿ, ಮತ್ತು ಒಂದಕ್ಕೊಂದು ಸರಿಯದಂತೆ ಬಿಗಿದಿರಲಿ. ಸ್ಕ್ಯಾನ್ ಆದ ಮೇಲೆ ಒಂದು ಪಟ್ಟಿ ಕಿತ್ತು ಮತ್ತೆ ಅಂಟಿಸಿದರೂ ನಕ್ಷೆ ಸುಳ್ಳಾಗುತ್ತದೆ. ಟೇಪ್ ಮೇಲೆ ಹೊಟ್ಟು ಕೂತರೂ, ಕಿಟಕಿಯ ಬಿಸಿಲು ಬಿದ್ದು ಹೊಳೆದರೂ ಯಂತ್ರಕ್ಕೆ ಓದಲಾಗುವುದಿಲ್ಲ. ಚಿಕ್ಕ ಹಲಗೆಯಾದರೆ ಸುತ್ತ ಅದೇ ದಪ್ಪದ ಮರದ ಪಟ್ಟಿಗಳನ್ನು ಇಡಿ. ಯಂತ್ರದ ತಳ ವಾಲಿತೆಂದರೆ ಬಿಟ್ ಆಳಕ್ಕೆ ಕಚ್ಚುತ್ತದೆ. ಆಳದ ಸೊನ್ನೆ ಹಿಡಿಯಲು ಬಿಟ್ ಮರವನ್ನು ಮುಟ್ಟುವ ಜಾಗದಲ್ಲಿ ಧೂಳಾಗಲಿ ಟೇಪಾಗಲಿ ಇರಬಾರದು.

ಪ್ರಶ್ನೆ: ಮೈಸೂರಿನ ಬೀಟೆ ಇನ್‌ಲೇ ಕೆಲಸವನ್ನು ಈ ಯಂತ್ರದಲ್ಲಿ ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಒಂದೇ ಲಾಂಛನ ಐವತ್ತು ಮುಚ್ಚಳಕ್ಕೆ ಬೇಕಾದರೆ ಮಾಡಬಹುದು. ನವಿಲುಗರಿಯ ಕಣ್ಣು, ಆನೆಯ ಅಂಬಾರಿಯ ಸರಿಗೆ ಇಂಥವಕ್ಕೆ ಬೇಡ. ಅಲ್ಲಿನ ಕುಶಲಕರ್ಮಿಗಳು ತುಣುಕನ್ನು ಸಣ್ಣ ಕಮಾನು ಗರಗಸದಲ್ಲಿ ಕೊಯ್ದು, ಅದನ್ನೇ ಬೀಟೆಯ ಮೇಲಿಟ್ಟು ಗೆರೆ ಎಳೆದು ಗುಳಿ ತೋಡುತ್ತಾರೆ. ಪ್ರತಿ ಗುಳಿಯೂ ಅದರದೇ ತುಣುಕಿನ ಅಳತೆ, ಬಿಟ್‌ನ ದುಂಡಿನ ಹಂಗಿಲ್ಲ. ಮರಗಳ ಸಹಜ ಬಣ್ಣಗಳಲ್ಲೇ ನೆರಳು-ಬೆಳಕು ಹೊಂದಿಸುವ ಆ ಕಣ್ಣು ಯಾವ ಫೈಲ್‌ನಲ್ಲೂ ಇಲ್ಲ.

ಪ್ರಶ್ನೆ: ಬೀಟೆಯಲ್ಲಿ ಹಲಸು ಕೂರಿಸಿ ಉಜ್ಜಿದೆ. ಹಲಸಿನ ಹಳದಿಯೆಲ್ಲ ಕಂದಿ ಕೊಳಕಾಯಿತು. ಒಂದು ಕಡೆ ಅಂಟೂ ಬಿಟ್ಟಿದೆ.
— ಓದುಗರು, ಶಿವಮೊಗ್ಗ

ಉತ್ತರ: ಬೀಟೆಯ ಕಡು ಧೂಳು ಹಲಸಿನ ರಂಧ್ರಗಳಿಗೆ ಇಳಿದಿದೆ. ಮುಂದಿನ ಸಲ ತುಣುಕನ್ನು ಸಮ ಮಾಡಲು ಕೀಸುಳಿ ಅಥವಾ ಉಕ್ಕಿನ ಸ್ಕ್ರೇಪರ್ ಬಳಸಿ. ಅವು ಹಿಟ್ಟಿನಂಥ ಧೂಳೆಬ್ಬಿಸುವುದಿಲ್ಲ. ಉಜ್ಜಲೇಬೇಕಾದರೆ ಮೊದಲು ಇಡೀ ಮೇಲ್ಮೈಗೆ ತೆಳು ಅರಗಿನ ಪಾಲಿಶ್ ಒಂದು ಕೈ ಹೊಡೆದು ಒಣಗಿಸಿ, ಆಗ ರಂಧ್ರ ಮುಚ್ಚಿರುತ್ತದೆ. ಹಲಸಿನ ಹಳದಿ ಬೆಳಕಿಗೆ ತಾನಾಗಿಯೂ ಕಂದುಬಣ್ಣಕ್ಕೆ ತಿರುಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟೇ ಚಿತ್ರ ಆರಿಸಿ.

ಅಂಟು ಬಿಡಲು ಬೀಟೆಯ ಎಣ್ಣೆಯಂಶ ಕಾರಣ. ಅಂಟು ಹಚ್ಚುವ ಮುನ್ನ ಗುಳಿಯನ್ನು ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಫೆವಿಕಾಲ್ ಅನ್ನು ತಳಕ್ಕೂ ಗೋಡೆಗೂ ತೆಳ್ಳಗೆ ಸವರಿ. ಫೆವಿಕಾಲ್‌ನ ನೀರಿಗೆ ಮರ ಉಬ್ಬುವುದರಿಂದ ತಡಮಾಡದೆ ತುಣುಕು ಇಳಿಸಬೇಕು. ಅದರ ಕೆಳ ಅಂಚನ್ನು ಮೊದಲೇ ಉಪ್ಪು ಕಾಗದದಲ್ಲಿ ಲಘುವಾಗಿ ಓರೆ ಮಾಡಿಟ್ಟರೆ ಸಲೀಸು. ಅಂಟು ಹಚ್ಚುವ ಮೊದಲು ಹೊಂದಿಸಿ ನೋಡುವಾಗ ತುಣುಕನ್ನು ಪೂರ್ತಿ ಒತ್ತಬೇಡಿ, ವಾಪಸು ಬಾರದು. ಮೇಲೆ ಮೇಣದ ಕಾಗದ, ಅದರ ಮೇಲೆ ಚಪ್ಪಟೆ ಹಲಗೆ ಇಟ್ಟು ಕ್ಲಾಂಪ್ ಬಿಗಿದು ರಾತ್ರಿಯಿಡೀ ಬಿಡಿ.