ಮಗ ಅಗ್ನಿವೀರನಾಗುತ್ತೇನೆ ಎನ್ನುತ್ತಾನೆ, ಏನು ಹೇಳಲಿ?

ಪ್ರಶ್ನೆ: ನನ್ನ ಮಗನಿಗೆ 18 ವರ್ಷ ತುಂಬಿದೆ. ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಶೇ. 61 ಅಂಕ ಪಡೆದಿದ್ದಾನೆ. ನನ್ನ ತಮ್ಮ ಸೇನೆಯಲ್ಲಿ 24 ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾಗಿದ್ದಾನೆ. ಮಾವನನ್ನು ನೋಡುತ್ತಲೇ ಬೆಳೆದ ಮಗ ಈಗ ಅಗ್ನಿವೀರನಾಗಿ ಸೇರುತ್ತೇನೆಂದು ಹಠ ಹಿಡಿದಿದ್ದಾನೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಸೀಟು ಸಿಗುವಂತಿದೆ, ಬಿ.ಎಸ್ಸಿ.ಗೂ ಸೇರಬಹುದು. ಪರಿಚಯದವರೊಬ್ಬರು ತಮ್ಮ ಗೋದಾಮಿನಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದಾರೆ. ಬೇಡವೆಂದರೆ ಅವನ ಮನಸ್ಸು ಮುರಿಯುತ್ತದೆ, ಹೂಂ ಎನ್ನಲು ನನಗೆ ಧೈರ್ಯ ಸಾಲದು. ಅವನಿಗೆ ಹೇಗೆ ತಿಳಿಹೇಳಲಿ?
– ಒಬ್ಬ ತಾಯಿ

ಉತ್ತರ: ಸಹೋದರಿ, ನಾನೂ ಬಹಳ ವರ್ಷ ಸಮವಸ್ತ್ರ ತೊಟ್ಟು ದುಡಿದವನು. ನಿಮ್ಮ ಮಗನ ಆಸೆಯನ್ನು ಹಗುರವಾಗಿ ಕಾಣುವುದು ನನ್ನಿಂದಾಗದು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ತಮ್ಮನ ವಿಷಯ. ಮಗ ನೋಡುತ್ತಿರುವುದು ಮಾವನ ಸೇನಾ ಜೀವನವನ್ನು. ಅವನು ಸೇರಲು ಹೊರಟಿರುವುದು ಬೇರೆಯದೇ ಷರತ್ತುಗಳ ಸೇವೆಗೆ. 24 ವರ್ಷದ ನೌಕರಿ, ಪಿಂಚಣಿ, ಮಾಜಿ ಸೈನಿಕನೆಂಬ ಸ್ಥಾನಮಾನ, ನಿವೃತ್ತಿಯ ನಂತರದ ವೈದ್ಯಕೀಯ ಸೌಲಭ್ಯ ಇವೆಲ್ಲ ಮಾವನಿಗೆ ದೊರೆತವು. ಅಗ್ನಿವೀರರನ್ನು ಸೇರಿಸಿಕೊಳ್ಳುವುದು 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಡಿ; ಅದರಲ್ಲಿ ಸೇವೆಯ ಅವಧಿ ತರಬೇತಿಯೂ ಸೇರಿ ನಾಲ್ಕು ವರ್ಷ. ಘೋಷಣೆಯಾದ ರೂಪದಲ್ಲಿ, ಪ್ರತಿ ತಂಡದಿಂದ ಗರಿಷ್ಠ ಶೇ. 25ರಷ್ಟು ಮಂದಿಯನ್ನು ಮಾತ್ರ ಕಾಯಂ ಸೇವೆಗೆ ಉಳಿಸಿಕೊಳ್ಳಲಾಗುತ್ತದೆ. ಉಳಿದವರು ಪಿಂಚಣಿಯಾಗಲಿ ಗ್ರಾಚ್ಯುಟಿಯಾಗಲಿ ಇಲ್ಲದೆ ಇಪ್ಪತ್ತರ ಹರೆಯದಲ್ಲೇ ಮನೆಗೆ ಮರಳುತ್ತಾರೆ. ಈ ಮಾತನ್ನು ನಿಮ್ಮ ಬಾಯಿಂದ ಕೇಳಿದರೆ ಮಗ ಅದನ್ನು ಅಡ್ಡಗಾಲು ಎಂದುಕೊಳ್ಳಬಹುದು. ಆದ್ದರಿಂದ ನಿಮ್ಮ ತಮ್ಮನನ್ನೇ ಅವನೊಡನೆ ಕೂರಿಸಿ, ತನ್ನ ಕಾಲಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಅವರ ಬಾಯಿಂದಲೇ ಹೇಳಿಸಿ.

ಹಣದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ವೇತನವೆಂದರೂ ಅದರಲ್ಲಿ ಶೇ. 30ರಷ್ಟು ಸೇವಾನಿಧಿಗೆ, ಅಂದರೆ ಸೇವೆ ಮುಗಿದಾಗ ಒಟ್ಟಾಗಿ ಸಿಗುವ ಉಳಿತಾಯಕ್ಕೆ ಹೋಗಿ ಕೈಗೆ ಬರುವುದು 21,000. ನಾಲ್ಕನೆಯ ವರ್ಷ ವೇತನ 40,000 ಆದಾಗ ಕೈಗೆ 28,000. ಊಟ, ವಸತಿ, ಉಡುಪಿನ ಖರ್ಚಿಲ್ಲ. ನಾಲ್ಕು ವರ್ಷದಲ್ಲಿ ಅವನ ಪಾಲು 5.02 ಲಕ್ಷವಾಗುತ್ತದೆ, ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ, ಬಡ್ಡಿಯೂ ಕೂಡಿ ಸುಮಾರು 11.71 ಲಕ್ಷ ರೂಪಾಯಿ ತೆರಿಗೆಯಿಲ್ಲದೆ ಕೈಸೇರುತ್ತದೆ. ಸೇವೆಯಲ್ಲಿರುವಷ್ಟು ಕಾಲ 48 ಲಕ್ಷ ರೂಪಾಯಿಯ ಜೀವವಿಮೆ ಇರುತ್ತದೆ. ಇಪ್ಪತ್ತೆರಡರ ಹುಡುಗನ ಕೈಯಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೆ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರದಿದ್ದರೆ, ಅದು ಮನೆಯ ಚಾವಣಿಗೋ ಅಕ್ಕತಂಗಿಯರ ಮದುವೆಗೋ ಹಂಚಿಹೋಗಲು ಒಂದು ವರ್ಷವೂ ಬೇಕಾಗದು.

ಹಾಗಾದರೆ ಸೇನೆ ಬೇಡವೇ ಎಂದರೆ, ನಾನು ಹಾಗೆ ಹೇಳಲಾರೆ. ಅವನು ಸೇನೆಗೆ ಹೋಗಲಿ, ಆದರೆ ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು ಹೋಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷದ ಓದು. ಮುಗಿಯುವ ಹೊತ್ತಿಗೆ ಅವನಿಗೆ 20. ಯೋಜನೆ ಆರಂಭವಾದಾಗ ನಿಗದಿಯಾದ 17½ರಿಂದ 21ರ ವಯೋಮಿತಿಯನ್ನೇ ಹಿಡಿದು ಲೆಕ್ಕ ಹಾಕಿದರೂ ಭರ್ತಿಗೆ ಒಂದು ಅವಕಾಶ ಉಳಿದಿರುತ್ತದೆ. ಅಲ್ಲದೆ ಅಗ್ನಿವೀರ್ ತಾಂತ್ರಿಕ ವಿಭಾಗದ ಪರೀಕ್ಷೆಯಲ್ಲಿ ಐಟಿಐ ಮಾಡಿದವರಿಗೆ ಹೆಚ್ಚುವರಿ ಅಂಕಗಳಿವೆ. ಆಯ್ಕೆಯಾಗದಿದ್ದರೆ ಎಚ್‌ಎಎಲ್, ಬಿಇಎಲ್, ರೈಲ್ವೆಯಂಥ ಕಡೆ ಅಪ್ರೆಂಟಿಸ್‌ಗೆ ಅರ್ಜಿ ಹಾಕಬಹುದು. ಆಯ್ಕೆಯಾಗಿ ನಾಲ್ಕು ವರ್ಷದ ನಂತರ ಹೊರಬಂದರೂ ಕಸುಬು ಅವನ ಕೈಬಿಡುವುದಿಲ್ಲ. ಗೋದಾಮಿನ ಕೆಲಸವನ್ನು ಮಾತ್ರ ನಾನು ಈ ತೂಕದಲ್ಲಿ ಇಡುವುದಿಲ್ಲ. ಅದು ಕಾಯುವ ತಿಂಗಳುಗಳಲ್ಲಿ ಕೈಖರ್ಚಿಗೆ ಆದೀತು, ಅಷ್ಟೆ.

ಎಷ್ಟೋ ಮನೆಗಳಲ್ಲಿ ತಡವಾಗಿ ತಿಳಿದು ಬೇಸರಪಡುವ ಇನ್ನೊಂದು ದಾರಿಯಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎ ಪ್ರವೇಶ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ತರಬೇತಿ ಆರಂಭವಾಗುವಾಗ ಅಭ್ಯರ್ಥಿಯ ವಯಸ್ಸು 16½ರಿಂದ 19½ರೊಳಗೆ ಇರಬೇಕು. ಅಂದರೆ ನಿಮ್ಮ ಮಗನಿಗೆ ಹೆಚ್ಚೆಂದರೆ ಒಂದೆರಡು ಅವಕಾಶಗಳು ಉಳಿದಿರಬಹುದು, ಅವು ಕಳೆದರೆ ಮತ್ತೆ ಬಾರವು. ಪರೀಕ್ಷೆ ಕಷ್ಟವೇ, ಅದರ ನಂತರ ಸೇನೆಯ ಆಯ್ಕೆ ಮಂಡಳಿ (ಎಸ್‌ಎಸ್‌ಬಿ) ನಡೆಸುವ ಐದು ದಿನದ ಸಂದರ್ಶನವೂ ಇದೆ. ಆದರೂ ಅಧಿಕಾರಿಯಾಗುವ ಬಾಗಿಲು ತೆರೆದಿರುವಾಗ ತಟ್ಟಿಯೂ ನೋಡದೆ ಹೋಗಬಾರದು. ಬಿ.ಎಸ್ಸಿ. ಆರಿಸಿಕೊಂಡರೆ ಪದವಿಯ ನಂತರ ಸೇನಾಧಿಕಾರಿಯಾಗಲು ಅದೇ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಯೂ ಇದೆ.

ಅವನ ಹಠವನ್ನು ಕುರಿತು ಒಂದು ಮಾತು. ತರಬೇತಿ ಕೇಂದ್ರದಲ್ಲಿ ನಾನಿದ್ದಾಗ ಒಬ್ಬ ಹುಡುಗನಿದ್ದ. ರಾತ್ರಿ ದೀಪ ಆರಿದ ಮೇಲೆ ಮಂಚದ ತುದಿಯಲ್ಲಿ ಕುಳಿತು, ಮರುದಿನದ ಪರೇಡಿಗೆ ಪಾಲಿಶ್ ಮಾಡಿಟ್ಟ ಬೂಟನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದ. ಕೇಳಿದರೆ, "ವಾಪಸ್ ಹೋದರೆ ಊರವರು ಏನೆಂದಾರು ಸರ್" ಎಂದ. ದೈಹಿಕವಾಗಿ ಅವನಲ್ಲಿ ಯಾವ ಕೊರತೆಯೂ ಇರಲಿಲ್ಲ, ಆದರೆ ಬಂದದ್ದು ಬೇರೆಯವರ ಕಣ್ಣಿಗಾಗಿ. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಆದ್ದರಿಂದ ಸೇನೆ ಏಕೆ ಎಂದು ನಿಮ್ಮ ಮಗನನ್ನು ಕೇಳಬೇಡಿ, ಅದಕ್ಕೆ ಎಲ್ಲ ಹುಡುಗರ ಬಳಿಯೂ ಸಿದ್ಧ ಉತ್ತರವಿದೆ. ಶೇ. 25ರೊಳಗೆ ಬಾರದೆ ಮನೆಗೆ ಬಂದ ಮರುವಾರ ಸೋಮವಾರ ಬೆಳಿಗ್ಗೆ ಏನು ಮಾಡುತ್ತೀಯೆ ಎಂದು ಕೇಳಿ. ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಕನಿಷ್ಠ ಶೇ. 10 ಮೀಸಲಾತಿ ಇದೆ ಎಂದು ಅವನು ಹೇಳಬಹುದು. ಅದು ನಿಜ, ಆದರೆ ಅಲ್ಲಿಯೂ ಸ್ಪರ್ಧೆ ಇದ್ದೇ ಇರುತ್ತದೆ. ಉತ್ತರಿಸಲು ಅವನಿಗೆ ಒಂದು ವಾರ ಸಮಯ ಕೊಡಿ. ನಾಲ್ಕು ವರ್ಷ ಮದುವೆಯಾಗುವಂತಿಲ್ಲ, ಅಸಾಧಾರಣ ಕಾರಣವಿಲ್ಲದೆ ನಡುವೆ ಬಿಟ್ಟುಬರುವಂತಿಲ್ಲ ಎಂಬುದೂ ಅವನಿಗೆ ಗೊತ್ತಿರಲಿ.

ಈ ನಡುವೆ ಅವನ ದೇಹಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ. ತಿಂಗಳುಗಟ್ಟಲೆ ಓಡಿ ಅಭ್ಯಾಸ ಮಾಡಿ, 1.6 ಕಿಲೋಮೀಟರ್ ಓಟದಲ್ಲಿ ತೇರ್ಗಡೆಯಾದವರೂ ವೈದ್ಯಕೀಯ ಪರೀಕ್ಷೆಯಲ್ಲಿ ಹಿಂತಿರುಗುವುದುಂಟು. ಪಾದವನ್ನು ನೀರಿನಲ್ಲಿ ಅದ್ದಿ ಒಣನೆಲದ ಮೇಲೆ ಊರಿಸಿ. ಒಳಬದಿಯ ಕಮಾನು ಬಿಟ್ಟುಕೊಳ್ಳದೆ ಇಡೀ ಅಂಗಾಲು ಮೂಡಿದರೆ ಅದು ಚಪ್ಪಟೆ ಪಾದದ ಸೂಚನೆಯಾಗಿರಬಹುದು, ವೈದ್ಯರಿಗೆ ತೋರಿಸಿ. ನೇರ ನಿಂತಾಗ ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆಯೇ, ಬಣ್ಣಗಳನ್ನು ಸರಿಯಾಗಿ ಗುರುತಿಸುತ್ತಾನೆಯೇ, ಕಿವಿ ಶುಚಿಯಾಗಿದೆಯೇ ಎಂಬುದನ್ನೂ ನೋಡಿಸಿ. ಆಯ್ಕೆ ಮಾಡಿಸಿಕೊಡುತ್ತೇನೆಂದು ಹಣ ಕೇಳುವ ದಲ್ಲಾಳಿಗಳನ್ನು ಹೊಸ್ತಿಲು ದಾಟಿಸಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಅವನ ಹೆಸರು, ಜನ್ಮದಿನಾಂಕ ಅಕ್ಷರಶಃ ಒಂದೇ ರೀತಿ ಇವೆಯೇ ಎಂದು ಈ ವಾರವೇ ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾವ ದಾರಿ ಹಿಡಿದರೂ ಆ ಕೆಲಸ ಮೊದಲು ಆಗಬೇಕು, ತಿದ್ದುಪಡಿಗೆ ದಿನಗಳು ಹಿಡಿಯುತ್ತವೆ.