ಅಮೆರಿಕದ ಮನೆಗಳಲ್ಲಿ ಈಗಲೂ ರಾತ್ರಿ ಊಟಕ್ಕೆ ಕ್ಯಾಸರೋಲ್ ಮಾಡ್ತಾರಾ?

ಮಾಡ್ತಾರೆ. ಆದರೆ ನೀವು ಅಂದುಕೊಂಡ ದಿನ ಅಲ್ಲ, ಎಷ್ಟೋ ಸಲ ಆ ಹೆಸರಲ್ಲೂ ಅಲ್ಲ.

ಹಳೆಯ ಸೀರಿಯಲ್‌ಗಳಲ್ಲಿ ಮಾತ್ರ ಕಾಣುವ ಅಡುಗೆಯಾ, ಇಲ್ಲ ಮಾಮೂಲಿ ದಿನ ಮನೆಮಂದಿ ನಿಜವಾಗಿ ಮಾಡಿಕೊಂಡು ತಿನ್ನುತ್ತಾರಾ ಅಂತ ಕೇಳಿದ್ದೀರಿ. ನಾನು ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ 11 ವರ್ಷದಿಂದ ಇದ್ದೇನೆ. ಇಲ್ಲಿ ಕಂಡಿದ್ದನ್ನು ಹೇಳುತ್ತೇನೆ, ಇಡೀ ದೇಶದ ಲೆಕ್ಕ ನನ್ನ ಹತ್ತಿರ ಇಲ್ಲ.

ನಮಗೆ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬ, ಅಲ್ವಾ? ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜಿ "ಸಂಜೆ ಒಂದು ಕ್ಯಾಸರೋಲ್ ತಂದುಕೊಡ್ತೀನಿ" ಅಂದಾಗ, ಇವರು ಯಾಕಪ್ಪಾ ನಮಗೆ ಡಬ್ಬ ಕೊಡ್ತಾರೆ ಅಂದುಕೊಂಡಿದ್ದೆ. ಇಲ್ಲಿ ಅದು ಪಾತ್ರೆಯ ಹೆಸರೂ ಹೌದು, ಅದರಲ್ಲಿ ಬೆಂದ ಅಡುಗೆಯ ಹೆಸರೂ ಹೌದು. 9 ಇಂಚು ಅಗಲ, 13 ಇಂಚು ಉದ್ದದ ಒಂದು ಟ್ರೇ. ಅದರೊಳಗೆ ನೂಡಲ್ಸೋ ಅನ್ನವೋ ಆಲೂಗಡ್ಡೆಯೋ, ಜೊತೆಗೆ ಮಾಂಸ ಅಥವಾ ತರಕಾರಿ, ಎಲ್ಲವನ್ನೂ ಹಿಡಿದಿಡೋಕೆ ಗಟ್ಟಿ ಸೂಪು, ಮೇಲೆ ಚೀಸ್ ಇಲ್ಲವೇ ಗರಿಗರಿಯಾದ ಏನಾದರೊಂದು. 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್ ಓವನ್‌ನಲ್ಲಿ ಮುಕ್ಕಾಲು ಗಂಟೆ. ಅಷ್ಟೇ. ಅಂದಹಾಗೆ ಮಿನ್ನೆಸೋಟಾದಲ್ಲಿ ಇದನ್ನು ಹಾಟ್‌ಡಿಶ್ ಅನ್ನಬೇಕು. ಕ್ಯಾಸರೋಲ್ ಅಂದರೆ ನಗುನಗುತ್ತಲೇ ತಿದ್ದುತ್ತಾರೆ. ಆ ಅಜ್ಜಿ ನಾನು ಹೊರಗಿನವಳು ಅಂತ ರಿಯಾಯಿತಿ ಕೊಟ್ಟಿದ್ದರು.

ಅವರು ಮಾಡುವುದನ್ನು ನಿಂತು ನೋಡಿದ್ದೇನೆ. ಮಶ್ರೂಮ್ ಸೂಪಿನ ಕ್ಯಾನ್ ತೆರೆದು ಬೋರಲು ಹಾಕಿದರೆ ಸೂಪು ಸುರಿಯುವುದಿಲ್ಲ, ಪುಸಕ್ ಅಂತ ಜಾರಿ ಕ್ಯಾನಿನ ಗೆರೆಗಳ ಸಮೇತ ಹಾಗೇ ಕೂರುತ್ತದೆ. ಅದೇ ಕ್ಯಾನಿಗೆ ಅರ್ಧ ಹಾಲು ಹಾಕಿ ಕುಲುಕಿ ಅದನ್ನೂ ಸುರಿಯುತ್ತಾರೆ. ಹುರಿದ ಖೀಮಾ, ಫ್ರೋಜನ್ ಬೀನ್ಸು, ಈ ಸೂಪು. ಆಮೇಲೆ ಟೇಟರ್ ಟಾಟ್ಸ್, ಅಂದರೆ ಬೆರಳ ತುದಿಯಷ್ಟಿರುವ ಆಲೂಗಡ್ಡೆ ಉಂಡೆಗಳು. ಅವನ್ನು ಸುಮ್ನೆ ಚೆಲ್ಲುವ ಹಾಗಿಲ್ಲ. ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ಒಂದೊಂದೇ ಇಡುತ್ತಾರೆ. ಇಷ್ಟು ಕ್ಯಾನ್ ತೆರೆದು ಸುರಿದ ಮೇಲೆ ಇದೊಂದರಲ್ಲಿ ಯಾಕೆ ಇಷ್ಟು ನಾಜೂಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಅಡುಗೆ ಮನೆಮನೆಗೂ ಹಬ್ಬಿದ್ದರಲ್ಲಿ ಆ ಕ್ಯಾನಿನ ಪಾಲು ದೊಡ್ಡದು. ಕ್ಯಾಂಪ್‌ಬೆಲ್ ಕಂಪನಿ ಕ್ರೀಮ್ ಆಫ್ ಮಶ್ರೂಮ್ ಸೂಪ್ ತಂದದ್ದು 1934ರಲ್ಲಿ. ಅದಕ್ಕೆ ಮೊದಲು ಬೆಣ್ಣೆಯಲ್ಲಿ ಮೈದಾ ಹುರಿದು, ಗಂಟಾಗದ ಹಾಗೆ ಹಾಲು ಬೆರೆಸುತ್ತಾ ನಿಲ್ಲಬೇಕಿತ್ತು. ಕ್ಯಾನ್ ಬಂದ ಮೇಲೆ ಆ ತಲೆನೋವು ಹೋಯಿತು. 1955ರಲ್ಲಿ ಅದೇ ಕಂಪನಿಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಡೋರ್ಕಸ್ ರೈಲಿ ಅನ್ನುವವರು ಬೀನ್ಸಿನ ಕ್ಯಾಸರೋಲ್ ರೂಪಿಸಿದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅದು ಇರಲೇಬೇಕು. ಮಶ್ರೂಮ್ ಸೂಪಿಗೆ ಇಲ್ಲಿ ತಮಾಷೆಗೆ ಲೂಥರನ್ ಬೈಂಡರ್ ಅಂತಲೂ ಹೇಳುತ್ತಾರೆ. ಇಲ್ಲಿ ಲೂಥರನ್ ಅನ್ನುವ ಕ್ರೈಸ್ತ ಪಂಗಡದ ಚರ್ಚಿನವರು ಜಾಸ್ತಿ, ಅವರ ಚರ್ಚಿನ ಊಟಗಳಲ್ಲಿ ಎಲ್ಲವನ್ನೂ ಅಂಟಿಸಿ ಹಿಡಿಯುವುದು ಈ ಸೂಪೇ.

ಈಗ ನಿಮ್ಮ ಪ್ರಶ್ನೆ, ಮಾಮೂಲಿ ದಿನದ್ದು. ವಾರದ ಮಧ್ಯೆ, ಕೆಲಸದಿಂದ ಆರು ಗಂಟೆಗೆ ಬಂದು ಕ್ಯಾಸರೋಲ್ ಶುರು ಮಾಡುವವರು ನನಗೆ ಗೊತ್ತಿರುವವರಲ್ಲಿ ಕಡಿಮೆ. ಓವನ್ ಬಿಸಿಯಾಗೋಕೆ ಒಂದಷ್ಟು ಹೊತ್ತು, ಬೇಯೋಕೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಒಂದು ಮಗು ಹಾಕಿ ಆಟದ ಪ್ರಾಕ್ಟೀಸಿಗೆ ಹೋಗಬೇಕು, ಇನ್ನೊಂದು ಹಸಿವು ಅಂತ ಬಿಸ್ಕತ್ತಿಗೆ ಕೈ ಹಾಕಿರುತ್ತದೆ. ಆ ದಿನಗಳನ್ನು ಏರ್ ಫ್ರೈಯರೂ ಎಲೆಕ್ಟ್ರಿಕ್ ಕುಕ್ಕರೂ ಹಿಡಿದುಕೊಂಡಿವೆ.

ಹಾಗಂತ ಟ್ರೇ ಅಟ್ಟಕ್ಕೆ ಹೋಗಿಲ್ಲ. ಅದು ಭಾನುವಾರಕ್ಕೆ ಸರಿದಿದೆ. ಅದೇ ಅಜ್ಜಿಯ ಮಗಳು ಭಾನುವಾರ ಎರಡು ಟ್ರೇ ಮಾಡುತ್ತಾಳೆ. ಒಂದು ಅವತ್ತಿಗೆ, ಇನ್ನೊಂದು ಫ್ರೀಜರಿಗೆ. ಸೋಮವಾರ, ಮಂಗಳವಾರ ಯಾರು ಯಾವಾಗ ಬರುತ್ತಾರೋ ಅವರು ಒಂದು ತುಂಡು ಕತ್ತರಿಸಿಕೊಂಡು ಮೈಕ್ರೋವೇವಿಗೆ ಇಡುತ್ತಾರೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣಲಿ ಅಂತ ಮಾಡುತ್ತಿದ್ದ ಅಡುಗೆ ಈಗ ಒಬ್ಬೊಬ್ಬರೇ ಉಣ್ಣೋಕೆ ಅನುಕೂಲವಾಗಿದೆ ಅನ್ನುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಆದರೆ ತಂಗಳು ನಿಜವಾಗಿಯೂ ಚೆನ್ನಾಗಿರುತ್ತದೆ, ರಸ ಎಲ್ಲ ಹೀರಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಫ್ರಿಜ್‌ನಲ್ಲಿ 3-4 ದಿನ ಇಡಬಹುದು. ಮತ್ತೆ ಬಿಸಿ ಮಾಡುವಾಗ ನಡುಭಾಗ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಸೆಲ್ಸಿಯಸ್‌ನಲ್ಲಿ 74. ಅಂಚು ಕುದಿಯುತ್ತಿದ್ದರೂ ನಡುವೆ ತಣ್ಣಗಿರುವುದು ಇದರ ಹಳೇ ಚಾಳಿ.

ಇನ್ನು ಹೆಸರಿನ ವಿಷಯ. ನನ್ನ ಸಹೋದ್ಯೋಗಿ ಒಬ್ಬಳು "ಅಯ್ಯೋ, ಕ್ಯಾಸರೋಲಾ? ಅದು ಅಜ್ಜಿಯರ ಅಡುಗೆ" ಅಂದಳು. ನಿನ್ನೆ ಏನು ಮಾಡಿದ್ದೆ ಅಂದರೆ ಪಾಸ್ತಾ ಬೇಕ್ ಅಂತೆ! ಬೇಯಿಸಿದ ಪಾಸ್ತಾ, ಸಾಸು, ಮೇಲೆ ಚೀಸು, ಓವನ್. ಇನ್ನೇನು ಉಳಿಯಿತು ಹೇಳಿ? ವಯಸ್ಸಾಗಿರುವುದು ಹೆಸರಿಗೆ, ಅಡುಗೆಗಲ್ಲ.

ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಇಲ್ಲಿನ ವೈಲ್ಡ್ ರೈಸ್ ಹಾಕಿ ಮಾಡುತ್ತೇನೆ, ಕಪ್ಪಗೆ ಉದ್ದಕ್ಕೆ ಇರುತ್ತದೆ, ಬೆಂದರೆ ಬಾಯಿ ಬಿಡುತ್ತದೆ. ಕ್ಯಾನ್ ಸೂಪಿನಲ್ಲಿ ಉಪ್ಪು ನನಗೆ ಜಾಸ್ತಿ ಅನಿಸಿ, ಬೆಣ್ಣೆ ಮೈದಾ ಹಾಲಿನ ಸಾಸನ್ನು ನಾನೇ ಮಾಡಿಕೊಳ್ಳುತ್ತೇನೆ. ಒಮ್ಮೆ ಹಿಂದಿನ ರಾತ್ರಿಯೇ ಗಾಜಿನ ಟ್ರೇಗೆ ತುಂಬಿ ಫ್ರಿಜ್‌ನಲ್ಲಿಟ್ಟಿದ್ದೆ. ಮರುದಿನ ಅವಸರದಲ್ಲಿ ಸೀದಾ ಕಾದ ಓವನ್ನಿಗೆ ತಳ್ಳಿದೆ. ಐದು ನಿಮಿಷಕ್ಕೆ ಫಟ್ ಅಂತ ಸದ್ದು. ಗಾಜು ಒಡೆದು ಅನ್ನ ಸಾಸು ಎಲ್ಲ ಓವನ್ ತಳಕ್ಕೆ. ಅವತ್ತು ರಾತ್ರಿ ಬ್ರೆಡ್ ತಿಂದು ಮಲಗಿದೆವು. ಈಗ ಮೊದಲೇ ಮಾಡಿಡುವುದಾದರೆ ಅಲ್ಯೂಮಿನಿಯಂ ಟ್ರೇ ಮಾತ್ರ.

ಕ್ಯಾಸರೋಲ್ ನಿಜವಾಗಿ ಗಟ್ಟಿಯಾಗಿ ಉಳಿದಿರುವುದು ಇನ್ನೊಂದು ಕಡೆ, ಬೇರೆಯವರ ಮನೆ ಊಟಕ್ಕೆ. ಸಾವಿನ ಮನೆ, ಬಾಣಂತಿ ಮನೆ, ಆಪರೇಷನ್ ಆದವರ ಮನೆ, ಎಲ್ಲಿಗಾದರೂ ಮೊದಲು ಬರುವುದು ಇದೇ ಟ್ರೇ. ಯೂಟಾ ಕಡೆ ಆಲೂಗಡ್ಡೆ ಚೀಸಿನ ಒಂದು ಬಗೆಗೆ ಫ್ಯೂನರಲ್ ಪೊಟೇಟೋಸ್, ಅಂದರೆ ಶವಸಂಸ್ಕಾರದ ಆಲೂಗಡ್ಡೆ ಅಂತಲೇ ಹೆಸರು. ನನ್ನ ಮಗಳು ಹುಟ್ಟಿದಾಗ ಎರಡು ವಾರದಲ್ಲಿ ನಾಲ್ಕು ಟ್ರೇ ಬಂದವು. ಟ್ರೇ ವಾಪಸ್ ಸೇರಲಿ ಅಂತ ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆದಿರುತ್ತಾರೆ. ಒಂದರ ಮೇಲೆ "ಮಾಂಸ ಇಲ್ಲ, ನಿಜವಾಗಿಯೂ ಇಲ್ಲ" ಅಂತ ಬರೆದಿತ್ತು. ಆ ಅಜ್ಜಿಯದು.

ನೀವೇ ಮಾಡಿ ನೋಡುವುದಾದರೆ ಒಂದು ಮಾತು: ಓವನ್ನಿಂದ ತೆಗೆದ ತಕ್ಷಣ ಕತ್ತರಿಸಬೇಡಿ, ಹತ್ತು ನಿಮಿಷ ಬಿಡಿ. ಇಲ್ಲದಿದ್ದರೆ ತಟ್ಟೆಗೆ ಬರುವುದು ತುಂಡಲ್ಲ, ಗೊಜ್ಜು.