ಊರಿಗೆ ಹೊರಡುವ ಮುನ್ನ ಟೈಫಾಯ್ಡ್ ಲಸಿಕೆ

ಮೂರು ವಾರದಲ್ಲಿ ಅಮೆರಿಕದಿಂದ ಮೈಸೂರಿಗೆ ಹೊರಟಿದ್ದೀರಿ. ಅಲ್ಲೇ ಹುಟ್ಟಿ ಬೆಳೆದ ನಿಮಗೂ ಟೈಫಾಯ್ಡ್ ಲಸಿಕೆ ಬೇಕೇ, ಒಂದೂವರೆ ವರ್ಷದ ಮಗುವಿಗೆ ಏನು ಮಾಡುವುದು ಎಂದು ಕೇಳಿದ್ದೀರಿ.

ನಿಮಗೂ ಬೇಕು. ಚಿಕ್ಕಂದಿನಲ್ಲಿ ಟೈಫಾಯ್ಡ್ ಬಂದಿದ್ದರೂ ಆ ರಕ್ಷಣೆಯನ್ನು ಈಗ ನಂಬುವಂತಿಲ್ಲ. ಅಮೆರಿಕದಲ್ಲಿ ಸಿಗುವ ವಿಐ (Vi) ಎಂಬ ಟೈಫಾಯ್ಡ್ ಚುಚ್ಚುಮದ್ದು ತೋಳಿಗೆ ಒಂದೇ ಡೋಸ್, 0.5 ಮಿ.ಲೀ. ಪ್ರಯಾಣಕ್ಕೆ ಕನಿಷ್ಠ 2 ವಾರ ಮುಂಚೆ ಆಗಬೇಕು, ಹಾಗಾಗಿ ಈ ವಾರವೇ ಹಾಕಿಸಿಕೊಳ್ಳಿ. ಎಲ್ಲ ಕ್ಲಿನಿಕ್‌ಗಳಲ್ಲೂ ದಾಸ್ತಾನು ಇರುವುದಿಲ್ಲ, ಮೊದಲು ಫೋನ್ ಮಾಡಿ. 2 ವರ್ಷದ ನಂತರ ಮತ್ತೆ ಹೋಗುವುದಾದರೆ ಮತ್ತೊಂದು ಡೋಸ್ ಬೇಕು.

ಕಷ್ಟ ಇರುವುದು ಮಗುವಿನ ವಿಷಯದಲ್ಲಿ. ಎಳೆಯ ಮಕ್ಕಳ ದೇಹ ಈ ವಿಐ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಆದ್ದರಿಂದ 2 ವರ್ಷದೊಳಗೆ ಕೊಡುವುದಿಲ್ಲ. ಆದರೆ ಭಾರತದಲ್ಲಿ 6 ತಿಂಗಳಿಂದಲೇ ಕೊಡುವ, ಪ್ರೋಟೀನ್ ಜೋಡಿಸಿ ಮಾಡಿದ ಟೈಫಾಯ್ಡ್ ಕಾಂಜುಗೇಟ್ ಲಸಿಕೆ (ಟಿಸಿವಿ) ಇದೆ. ಹೆಚ್ಚು ದಿನ ಇರುವುದಾದರೆ ಇಳಿದ ಕೂಡಲೇ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿ. ಲಸಿಕೆ ದಾಖಲೆ ಜೊತೆಗಿರಲಿ. ಲಸಿಕೆ ಕೆಲಸ ಮಾಡಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ, ಆಮೇಲೂ ಸಹ, ಕುದಿಸಿ ಆರಿಸಿದ ನೀರು, ಬಿಸಿ ಅನ್ನ, ಸಿಪ್ಪೆ ಸುಲಿದ ಹಣ್ಣು ಮಾತ್ರ. ಯಾವ ಟೈಫಾಯ್ಡ್ ಲಸಿಕೆಯೂ ನೂರಕ್ಕೆ ನೂರು ಕಾಯುವುದಿಲ್ಲ, ಟೈಫಾಯ್ಡ್‌ನಂಥದ್ದೇ ಇನ್ನೊಂದು ಜ್ವರವಾದ ಪ್ಯಾರಾಟೈಫಾಯ್ಡ್‌ ತಡೆಯಲು ನೆಚ್ಚಿಕೊಳ್ಳುವಂತಿಲ್ಲ.

ಹಿಂತಿರುಗಿದ ಮೇಲೆ ಜ್ವರ ಬಂದರೆ ಪ್ರಯಾಣದ ವಿಷಯ ಹೇಳಿ, ಆ್ಯಂಟಿಬಯೋಟಿಕ್‌ಗೆ ಮುಂಚೆ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ.